ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪರೀಕ್ಷೆಗೆ ಮೈಸೂರು, ಮಂಡ್ಯದಲ್ಲಿ ಕೂತು ತಯಾರಾಗುವ ಬಗೆ

ಪಿಯುಸಿ ಫಲಿತಾಂಶ ಬಂದ ವಾರವೇ ಫ್ಲೈಯಿಂಗ್ ಸ್ಕೂಲಿಗೆ ಲಕ್ಷಗಟ್ಟಲೆ ಕಟ್ಟಿಬಿಡಬೇಡಿ. ಮೊದಲು ಮೆಡಿಕಲ್, ಆಮೇಲೆ ಥಿಯರಿ ಪೇಪರ್‌ಗಳು, ಅದಾದ ಮೇಲೆ ಹಾರಾಟ. ಈ ಸಾಲು ತಪ್ಪಿದರೆ ಅಪ್ಪ ಅಮ್ಮ ಜಮೀನು ಅಡವಿಟ್ಟು ತಂದ ದುಡ್ಡು ಸುಮ್ಮನೆ ಕರಗುತ್ತದೆ.

ಲೈಸೆನ್ಸ್ ಕೊಡುವ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಮೊದಲ ಹಂತದ ಕ್ಲಾಸ್ 2 ಮೆಡಿಕಲ್ ಮಾಡಿಸಿ, ಅದರ ಹಿಂದೆಯೇ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1ಕ್ಕೆ ದಿನ ಗೊತ್ತು ಮಾಡಿಕೊಳ್ಳಿ. ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದರಿಂದ ನಮ್ಮವರು ದೂರ ಹೋಗಬೇಕಿಲ್ಲ. ಕನ್ನಡಕ ಇದೆ ಎಂದು ಹೆದರಬೇಡಿ. ಬಣ್ಣ ಗುರುತಿಸುವುದರಲ್ಲಿ ತೊಂದರೆಯಿದ್ದರೆ ಮಾತ್ರ ಅದು ಫೀ ಕಟ್ಟುವ ಮುಂಚೆಯೇ ಗೊತ್ತಾಗಬೇಕು.

ಪರೀಕ್ಷೆ ಬರೆಯಲು ಕಂಪ್ಯೂಟರ್ ನಂಬರ್, ಅಂದರೆ ಡಿಜಿಸಿಎ ಕೊಡುವ ಅಭ್ಯರ್ಥಿ ಸಂಖ್ಯೆ, ಬೇಕು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ಆಧಾರ್ ಸೇರಿ ಮೂರೂ ಒಂದೇ ಥರ ಆಗುವಂತೆ ಈಗಲೇ ತಿದ್ದಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಅಸಲಿ ಎಂಬ ಬೋರ್ಡಿನ ದೃಢೀಕರಣವೂ ಕೈಯಲ್ಲಿರಲಿ.

ಮುಖ್ಯ ಪೇಪರ್‌ಗಳು ನ್ಯಾವಿಗೇಶನ್ (ದಾರಿ, ಸಮಯದ ಲೆಕ್ಕ), ಮೀಟಿಯರಾಲಜಿ (ಹವಾಮಾನ), ಏರ್ ರೆಗ್ಯುಲೇಶನ್ಸ್ (ಹಾರಾಟದ ನಿಯಮ) ಮತ್ತು ಟೆಕ್ನಿಕಲ್. ಪಾಸಾಗಲು 70% ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ರೆಗ್ಯುಲೇಶನ್ಸ್ ಬಾಯಿಪಾಠದ ಪೇಪರು, ಪರೀಕ್ಷೆಯ ಹತ್ತಿರಕ್ಕೆ ಓದಿದರೆ ನಿಲ್ಲುತ್ತದೆ. ನ್ಯಾವಿಗೇಶನ್ ಹಾಗಲ್ಲ, ಅದು ಕೈಗೆ ಕೂರಬೇಕಾದ ವಿದ್ಯೆ. ಅದನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ.

ಲೆಕ್ಕವನ್ನು ನಿಮ್ಮ ಊರಿನಿಂದಲೇ ಶುರು ಮಾಡಿ. ಮೈಸೂರು ಇರುವುದು ಸುಮಾರು 76.65 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ವ್ಯತ್ಯಾಸ 5.85 ಡಿಗ್ರಿ. ಡಿಗ್ರಿಗೆ 4 ನಿಮಿಷದಂತೆ 23.4 ನಿಮಿಷ. ಅಂದರೆ ಮೈಸೂರಿನ ಸ್ಥಳೀಯ ಸಮಯ 6:00 ಆದಾಗ ಗೋಡೆ ಗಡಿಯಾರದಲ್ಲಿ 6:23, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲಿ 00:53. ಇದನ್ನು ಕೂಡಬೇಕೋ ಕಳೆಯಬೇಕೋ ಎಂಬಲ್ಲೇ ಹೆಚ್ಚಿನವರು ಅಂಕ ಕಳೆದುಕೊಳ್ಳುತ್ತಾರೆ. ಪೂರ್ವದಲ್ಲಿ ಸೂರ್ಯ ಮೊದಲು ಹುಟ್ಟುತ್ತಾನೆ, ಹಾಗಾಗಿ ಅಲ್ಲಿನ ಗಡಿಯಾರ ಮುಂದಿರುತ್ತದೆ ಎಂಬುದನ್ನು ನೆನಪಿಟ್ಟರೆ ಸೂತ್ರ ಬೇಕಾಗಿಲ್ಲ.

ಡೆನ್ಸಿಟಿ ಆಲ್ಟಿಟ್ಯೂಡ್‌ಗೆ, ಅಂದರೆ ಇಲ್ಲಿನ ಗಾಳಿ ಎಷ್ಟು ಎತ್ತರದ ಗಾಳಿಯಷ್ಟು ತೆಳುವಾಗಿದೆ ಎಂಬ ಲೆಕ್ಕಕ್ಕೆ, ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಎತ್ತರ 2,300 ಅಡಿ ಎಂದು ಹಿಡಿಯಿರಿ, ಒತ್ತಡ ಸ್ಟ್ಯಾಂಡರ್ಡ್ 1013 ಹೆಕ್ಟೋಪಾಸ್ಕಲ್ ಎಂದುಕೊಳ್ಳಿ. ಆ ಎತ್ತರದಲ್ಲಿ ಸ್ಟ್ಯಾಂಡರ್ಡ್ ಉಷ್ಣಾಂಶ ಸಮುದ್ರ ಮಟ್ಟದ 15ರಲ್ಲಿ, ಸಾವಿರ ಅಡಿಗೆ 2ರಂತೆ, 4.6 ಕಳೆದು 10.4 ಡಿಗ್ರಿ. ಏಪ್ರಿಲ್ ಮಧ್ಯಾಹ್ನದ ಬಿಸಿಲು 35 ಇದ್ದರೆ ವ್ಯತ್ಯಾಸ 24.6. ಡಿಗ್ರಿಗೆ 120 ಅಡಿಯಂತೆ ಗುಣಿಸಿದರೆ 2,952 ಅಡಿ. ಮೊದಲಿನ 2,300 ಸೇರಿ ಒಟ್ಟು 5,250 ಅಡಿ ದಾಟಿತು. ವಿಮಾನ ನಿಂತಿರುವುದು ಮೈಸೂರಿನಲ್ಲೇ, ಆದರೆ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ಸಿಗುವುದು ಐದು ಸಾವಿರ ಅಡಿಯ ತೆಳು ಗಾಳಿ. ರನ್‌ವೇ ಹೆಚ್ಚು ತಿನ್ನುತ್ತದೆ, ಏರುವ ವೇಗ ಕುಗ್ಗುತ್ತದೆ. ಟ್ರೈನಿಂಗ್ ಹಾರಾಟ ಬೆಳಿಗ್ಗೆಯೇ ಚೆಂದ ಅನ್ನುವುದಕ್ಕೆ ಇದೂ ಒಂದು ಕಾರಣ.

ಮೀಟಿಯರಾಲಜಿಗೂ ಹಾಗೆಯೇ. ಚಳಿಗಾಲದ ಬೆಳಗಿನ ಜಾವ ಮಂಡ್ಯದ ನಾಲೆ ಬಯಲಿನ ಗದ್ದೆಗಳ ಮೇಲೆ ಮಂಜು ಕೂತಿರುವುದನ್ನು ಕಂಡಿದ್ದೀರಲ್ಲ? ಮೋಡವಿಲ್ಲದ ರಾತ್ರಿ, ತೇವದ ನೆಲ, ಮೆಲುಗಾಳಿ: ನೆಲ ತಣ್ಣಗಾಗಿ ಹುಟ್ಟುವ ಮಂಜಿಗೆ, ಅಂದರೆ ರೇಡಿಯೇಶನ್ ಫಾಗ್‌ಗೆ, ಬೇಕಾದ ಮೂರೂ ಅಲ್ಲಿವೆ. ಬಿಸಿಲೇರಿದಂತೆ ಯಾಕೆ ಕರಗುತ್ತದೆ ಎಂದು ಒಮ್ಮೆ ಬಾಯಿಬಿಟ್ಟು ವಿವರಿಸಿ ನೋಡಿ.

ರೇಡಿಯೋ ಪರೀಕ್ಷೆ ಆರ್‌ಟಿಆರ್ ಅನ್ನು ಬರೀ ಓದಿ ಪಾಸು ಮಾಡಲಾಗದು, ಮಾತಾಡಿಯೇ ಕಲಿಯಬೇಕು. ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಅಂಜುತ್ತಾರೆ, ಆದರೆ ಇಲ್ಲಿ ಬೇಕಾದ ವಾಕ್ಯಗಳು ಲೆಕ್ಕಕ್ಕೆ ಸಿಗುವಷ್ಟೇ. ಮೂರನ್ನು ‘ಟ್ರೀ’, ಐದನ್ನು ‘ಫೈಫ್’, ಒಂಬತ್ತನ್ನು ‘ನೈನರ್’ ಎನ್ನುವ ಅಭ್ಯಾಸ ನಾಲಿಗೆಗೆ ಆಗಲಿ. ದಾರಿಯಲ್ಲಿ ಕಂಡ ಗಾಡಿಗಳ ನಂಬರ್ ಪ್ಲೇಟಿನ ‘ಕೆಎ’ಯನ್ನು ‘ಕಿಲೋ ಆಲ್ಫಾ’ ಎಂದು ಓದುತ್ತಾ ಹೋಗಿ.

ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್, ಆಗಿರಬೇಕು. ಸ್ಕೂಲು ಆರಿಸುವಾಗ ಕಟ್ಟಡ ನೋಡಬೇಡಿ. ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಇನ್‌ಸ್ಟ್ರಕ್ಟರ್ ಎಷ್ಟು, ವಿದ್ಯಾರ್ಥಿಗಳೆಷ್ಟು, ಮಳೆಗಾಲದ ತಿಂಗಳಲ್ಲಿ ಒಬ್ಬರಿಗೆ ಸಿಕ್ಕ ಗಂಟೆ ಎಷ್ಟು ಎಂದು ಅಲ್ಲಿ ಓದುತ್ತಿರುವ ಹುಡುಗ ಹುಡುಗಿಯರನ್ನೇ ಕೇಳಿ. ಫೀಸನ್ನು ಕಂತಿನಲ್ಲಿ, ಹಾರಿದ ಗಂಟೆಗೆ ತಕ್ಕಂತೆ ಕಟ್ಟುವ ಕರಾರು ಬರೆಸಿಕೊಳ್ಳಿ.

ಲೈಸೆನ್ಸ್ ಬಂದ ಮೇಲೆ ಎ320, ಎಟಿಆರ್ 72 ಎಂದು ಟೈಪ್ ರೇಟಿಂಗಿಗೆ (ಒಂದೊಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ) ಸಾಲ ಮಾಡುವ ಅವಸರ ಬೇಡ. ಕಂಪನಿ ಯಾವ ವಿಮಾನಕ್ಕೆ ಕರೆಯುತ್ತದೆಯೋ ಅದಕ್ಕೆ ಮಾಡಿಕೊಂಡರಾಯಿತು. ಕರೆ ತಡವಾದರೆ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡು ಕಲಿಸುತ್ತಾ ಹಾರುವುದು ಒಳ್ಳೆಯ ದಾರಿ. ಸಂಬಳವೂ ಬರುತ್ತದೆ, ಲಾಗ್‌ಬುಕ್ಕಿನ ಗಂಟೆಯೂ ಏರುತ್ತದೆ. ಮುಂದೆ ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್‌ಗೆ ಬೇಕಾಗುವುದು 1,500 ಗಂಟೆ.