ನೇರಳೆ ಚುಕ್ಕಿಗಳನ್ನು ಎಣಿಸಿದ ಎರಡು ವರ್ಷ

ಆರು ಗುಳಿಗಳ ಪ್ಲಾಸ್ಟಿಕ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ತಳದಲ್ಲಿ ನೇರಳೆ ಚುಕ್ಕಿಗಳು ಕಾಣುತ್ತವೆ. ಕೆಲವು ರಾಗಿ ಕಾಳಿನಷ್ಟು, ಕೆಲವು ಅದಕ್ಕಿಂತಲೂ ಸಣ್ಣವು. ಒಂದೊಂದು ಚುಕ್ಕಿಯೂ ಒಂದೇ ಒಂದು ಕೋಶದಿಂದ ಬೆಳೆದ ಸಂಸಾರ. ಆ ಮೂಲ ಕೋಶದೊಳಗೆ ಡಿಎನ್‌ಎಯ ಒಂದು ತುಣುಕು ತನ್ನನ್ನು ತಾನೇ ನಕಲು ಮಾಡಿಕೊಂಡು ಬೇರೆ ಜಾಗಕ್ಕೆ ಹೋಗಿ ಕೂತಿದೆ ಎಂಬುದಕ್ಕೆ ಆ ಚುಕ್ಕಿ ಸಾಕ್ಷಿ. ಪಿಎಚ್.ಡಿ.ಯ ಎರಡು ವರ್ಷ ನಾನು ಎಣಿಸಿದ್ದು ಇವನ್ನೇ. ವೈರಸ್ ಬಂದಾಗ ಕೋಶ ಹೊರಡಿಸುವ ಎಚ್ಚರಿಕೆಯ ಪ್ರೋಟೀನಾದ ಇಂಟರ್‌ಫೆರಾನ್ ಈ ಜಿಗಿತವನ್ನು ತಡೆಯುತ್ತದೆ ಎಂದು ನನಗಿಂತ ಮೊದಲೇ ಬೇರೆಯವರು ತೋರಿಸಿದ್ದರು. ಯಾರ ಕೈಯಿಂದ ತಡೆಯುತ್ತದೆ, ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಆದರೆ ನನ್ನ ಸಮಯವನ್ನೆಲ್ಲ ನುಂಗಿದ್ದು ಉತ್ತರವಲ್ಲ. ಕಣ್ಣೆದುರಿನ ಚುಕ್ಕಿಗಳು ನಿಜ ಹೇಳುತ್ತಿವೆಯೇ ಎಂದು ಖಚಿತಪಡಿಸಿಕೊಳ್ಳುವ ಕೆಲಸ.

ಜಿಗಿಯುವ ವಂಶವಾಹಿಗಳನ್ನು ಮೊದಲು ಕಂಡವರು ಬಾರ್ಬರಾ ಮೆಕ್‌ಕ್ಲಿಂಟಾಕ್, ಮೆಕ್ಕೆಜೋಳದ ಕಾಳುಗಳ ಬಣ್ಣದಲ್ಲಿ. 1940ರ ದಶಕದ ಆ ಕೆಲಸಕ್ಕೆ ನೊಬೆಲ್ ಬಂದದ್ದು 1983ರಲ್ಲಿ. ನಾನು ಕೈ ಹಾಕಿದ್ದು ಮನುಷ್ಯರಲ್ಲಿರುವ ಲೈನ್-1 ಎಂಬ ತುಣುಕಿಗೆ. ಸುಮಾರು ಆರು ಸಾವಿರ ಅಕ್ಷರಗಳ ಉದ್ದ. ನಮ್ಮ ಜೀನೋಮಿನ, ಅಂದರೆ ಕೋಶದೊಳಗಿನ ಇಡೀ ಡಿಎನ್‌ಎಯ, ಶೇಕಡಾ 17ರಷ್ಟು ಭಾಗ ಇದರ ನಕಲುಗಳೇ. ಐದು ಲಕ್ಷದಷ್ಟು ನಕಲುಗಳಲ್ಲಿ ಬಹುಪಾಲು ತುಂಡಾಗಿ, ಸವೆದು ಸುಮ್ಮನೆ ಬಿದ್ದಿವೆ. ಒಬ್ಬ ಮನುಷ್ಯನಲ್ಲಿ ಇನ್ನೂ ಜಿಗಿಯಬಲ್ಲವು 80ರಿಂದ 100 ಮಾತ್ರ. ಅಷ್ಟೇ ಸಾಕು. 1988ರಲ್ಲಿ ಹೇಗ್ ಕಝಾಜಿಯನ್ ಅವರ ತಂಡ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇದ್ದ ಇಬ್ಬರ ಫ್ಯಾಕ್ಟರ್-8 ವಂಶವಾಹಿಯ ನಡುವೆ ಹೊಸದಾಗಿ ಬಂದು ಕೂತ ಲೈನ್-1 ತುಣುಕುಗಳನ್ನು ಪತ್ತೆ ಮಾಡಿತು.

ಲೈನ್-1 ಮೊದಲು ಆರ್‌ಎನ್‌ಎ ಆಗುತ್ತದೆ, ಮತ್ತೆ ಡಿಎನ್‌ಎ ಆಗಿ ಹೊಸ ಜಾಗದಲ್ಲಿ ಸೇರಿಕೊಳ್ಳುತ್ತದೆ. ಈ ಹಿಮ್ಮುಖ ನಕಲಿಗೆ ಬೇಕಾದ ಕಿಣ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಎಚ್‌ಐವಿಯಂಥ ರೆಟ್ರೊವೈರಸ್‌ಗಳೂ ಇಂಥದೇ ಹಿಮ್ಮುಖ ನಕಲಿನಿಂದ ಬದುಕುತ್ತವೆ. ಆದ್ದರಿಂದ ಕೋಶದ ಕಾವಲುಗಾರರು ಮನೆಯೊಳಗಿನ ಈ ಹಳೆಯ ತುಣುಕನ್ನೂ ಹೊರಗಿನ ಕಳ್ಳನಂತೆ ನೋಡುವುದರಲ್ಲಿ ಅಚ್ಚರಿಯಿಲ್ಲ. ಇರಬಾರದ ಕಡೆ, ಅಂದರೆ ಕೋಶರಸದಲ್ಲಿ, ಡಿಎನ್‌ಎ ಸಿಕ್ಕರೆ ಸಿ-ಗ್ಯಾಸ್ ಎಂಬ ಕಿಣ್ವ ಅದನ್ನು ಹಿಡಿದು ಒಂದು ಪುಟ್ಟ ಸಂದೇಶದ ಅಣುವನ್ನು ತಯಾರಿಸುತ್ತದೆ. ಆ ಅಣು ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಅಲ್ಲಿಂದ ಮುಂದೆ ಇಂಟರ್‌ಫೆರಾನ್ ಹೊರಡುತ್ತದೆ. ಇದೇ ವ್ಯವಸ್ಥೆ ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಐಕಾರ್ಡಿ-ಗುಟಿಯೇರ್ ಕಾಯಿಲೆ ಇದೆ. 1984ರಲ್ಲಿ ವಿವರಿಸಲಾದ ಈ ಅಪರೂಪದ ಕಾಯಿಲೆಯಲ್ಲಿ, ಗರ್ಭದಲ್ಲೇ ಸೋಂಕು ತಗುಲಿತೇನೋ ಎಂಬಂತೆ ಹಸುಗೂಸಿನ ಮಿದುಳು ಹಾಳಾಗುತ್ತದೆ. ಹುಡುಕಿದರೆ ವೈರಸ್ ಇರುವುದಿಲ್ಲ. ಕೋಶರಸದ ಡಿಎನ್‌ಎಯನ್ನು ಗುಡಿಸಿ ಹಾಕುವ ಟ್ರೆಕ್ಸ್-1ರಂಥ ಕಿಣ್ವ ಕೆಟ್ಟಿರುತ್ತದೆ, ಎಚ್ಚರಿಕೆಯ ಗಂಟೆ ನಿಲ್ಲದೆ ಬಾರಿಸುತ್ತಲೇ ಇರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಂಥ ಕೆಲವು ಮಕ್ಕಳಿಗೆ ಎಚ್‌ಐವಿಗೆ ಕೊಡುವ, ಹಿಮ್ಮುಖ ನಕಲನ್ನು ತಡೆಯುವ ಔಷಧಿಗಳನ್ನು ಒಂದು ವರ್ಷ ಕೊಟ್ಟಾಗ ಇಂಟರ್‌ಫೆರಾನಿನ ಗುರುತುಗಳು ಇಳಿದವೆಂದು 2018ರಲ್ಲಿ ವರದಿಯಾಯಿತು. ನಾನು ಈ ವಿಷಯವನ್ನು ಆರಿಸಿಕೊಂಡದ್ದು ಆ ವರದಿಯನ್ನು ಓದಿದ ರಾತ್ರಿ.

ಜಿಗಿತವನ್ನು ಎಣಿಸುವ ಉಪಾಯವನ್ನು ಜಾನ್ ಮೊರನ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದರು. ಇವತ್ತಿಗೂ ನೆನೆದರೆ ನನಗೆ ಸಂತೋಷವಾಗುತ್ತದೆ, ಅಷ್ಟು ಜಾಣತನದ್ದು. ಲೈನ್-1ರ ಬಾಲಕ್ಕೆ, ಜಿ418 ಎಂಬ ವಿಷವನ್ನು ತಾಳಿಕೊಳ್ಳುವ ಶಕ್ತಿ ಕೊಡುವ ವಂಶವಾಹಿಯೊಂದನ್ನು ತಿರುಗಾಮುರುಗಾ ಜೋಡಿಸುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ಇಂಟ್ರಾನನ್ನು, ಅಂದರೆ ಆರ್‌ಎನ್‌ಎಯಿಂದ ಕೋಶ ಕತ್ತರಿಸಿ ಹಾಕುವ ತುಣುಕನ್ನು, ಇಟ್ಟಿರುತ್ತಾರೆ, ಇಂಟ್ರಾನ್ ಮಾತ್ರ ಲೈನ್-1ರ ದಿಕ್ಕಿಗೇ ಮುಖ ಮಾಡಿರುತ್ತದೆ. ಆದ್ದರಿಂದ ಲೈನ್-1 ಆರ್‌ಎನ್‌ಎ ಆದಾಗ ಮಾತ್ರ ಆ ಇಂಟ್ರಾನ್ ಕತ್ತರಿಸಿ ಹೋಗುತ್ತದೆ. ಆ ಆರ್‌ಎನ್‌ಎ ಮತ್ತೆ ಡಿಎನ್‌ಎಯಾಗಿ ವರ್ಣತಂತುವಿನಲ್ಲಿ ಕೂತರೆ ಮಾತ್ರ ವಂಶವಾಹಿ ಇಡಿಯಾಗಿ ಕೆಲಸಕ್ಕೆ ಬರುತ್ತದೆ. ಜಿಗಿತ ಪೂರ್ತಿಯಾದ ಕೋಶ ವಿಷದಲ್ಲೂ ಬದುಕುತ್ತದೆ, ಉಳಿದವೆಲ್ಲ ಸಾಯುತ್ತವೆ.

ಪ್ರಯೋಗಾಲಯಗಳಲ್ಲಿ ಬೆಳೆಸುವ ಹೀಲಾ ಎಂಬ ಮನುಷ್ಯ ಕೋಶಗಳಿಂದ ನಾನು ಶುರು ಮಾಡಿದೆ. ಸೋಮವಾರ ಕೋಶಗಳನ್ನು ಗುಳಿಗಳಿಗೆ ಹಂಚುವುದು, ಮಂಗಳವಾರ ಆ ಲೈನ್-1 ಹೊತ್ತ ಪ್ಲಾಸ್ಮಿಡ್ (ಉಂಗುರದಾಕಾರದ ಪುಟ್ಟ ಡಿಎನ್‌ಎ) ತುಂಬುವುದು, ಬುಧವಾರ ಅರ್ಧ ಗುಳಿಗಳಿಗೆ ಇಂಟರ್‌ಫೆರಾನ್-ಬೀಟಾ, ಶುಕ್ರವಾರದಿಂದ ಮಿಲಿಲೀಟರಿಗೆ 400 ಮೈಕ್ರೋಗ್ರಾಂ ಜಿ418. ಹನ್ನೆರಡು ದಿನ 37 ಡಿಗ್ರಿಯ ಇನ್ಕ್ಯುಬೇಟರಿನಲ್ಲಿಟ್ಟು, ಉಳಿದ ಕೋಶಗಳನ್ನು ಸ್ಥಿರಗೊಳಿಸಿ, ಕ್ರಿಸ್ಟಲ್ ವಯೊಲೆಟ್ ಹಾಕಿ, ನಲ್ಲಿ ನೀರಿನಲ್ಲಿ ಮೆಲ್ಲಗೆ ತೊಳೆದೆ. ಬಣ್ಣ ಹರಿದು ಹೋದ ಮೇಲೆ ಮೇಲಿನ ಸಾಲಿನಲ್ಲಿ ಚುಕ್ಕಿಗಳು ದಟ್ಟವಾಗಿದ್ದವು. ಇಂಟರ್‌ಫೆರಾನ್ ಕೊಟ್ಟ ಕೆಳಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ತಟ್ಟೆ ಇನ್ನೂ ಒದ್ದೆಯಿರುವಾಗಲೇ ಗೈಡ್ ಕೋಣೆಗೆ ಓಡಿದೆ. ಅವರು ತಟ್ಟೆಯನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ. ಜಿಗಿತ ಕಡಿಮೆಯಾಯಿತೋ, ಕೋಶಗಳೇ ಬೆಳೆಯಲಿಲ್ಲವೋ ಹೇಗೆ ಹೇಳುತ್ತೀರಿ?" ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಇಂಟರ್‌ಫೆರಾನ್ ಕೋಶಗಳ ವಿಭಜನೆಯನ್ನೂ ನಿಧಾನಗೊಳಿಸುತ್ತದೆ. ಸೊರಗಿದ ಕೋಶಗಳು ಜಿ418ರ ಮುಂದೆ ಬೇಗ ಸೋಲುತ್ತವೆ. ಇದನ್ನು ಬೇರ್ಪಡಿಸುವ ದಾರಿ ಹೊಸದೇನಲ್ಲ: ಇಂಟ್ರಾನ್ ಇಲ್ಲದ, ಜಿಗಿಯುವ ಅಗತ್ಯವೇ ಇಲ್ಲದ, ನೇರವಾಗಿ ವಿಷನಿರೋಧ ಕೊಡುವ ಪ್ಲಾಸ್ಮಿಡ್ ಒಂದನ್ನು ಪಕ್ಕದ ತಟ್ಟೆಯಲ್ಲಿ ಅದೇ ದಿನ, ಅದೇ ಇಂಟರ್‌ಫೆರಾನ್ ಕೊಟ್ಟು ಬೆಳೆಸಬೇಕು. ಮುಂದಿನ ಸಲ ಹಾಗೆ ಮಾಡಿದೆ. ಆ ತಟ್ಟೆಯಲ್ಲೂ ಚುಕ್ಕಿಗಳು ಕುಸಿದಿದ್ದವು. ನಾನು ಓಡಿಹೋಗಿ ತೋರಿಸಿದ್ದ ವ್ಯತ್ಯಾಸದ ದೊಡ್ಡ ಪಾಲು ಜಿಗಿತಕ್ಕೆ ಸಂಬಂಧಿಸಿದ್ದೇ ಅಲ್ಲ.

ಅಲ್ಲಿಂದ ನಾಲ್ಕು ತಿಂಗಳು ಅಳತೆ ಹೊಂದಿಸುವುದರಲ್ಲೇ ಹೋಯಿತು. ಇಂಟರ್‌ಫೆರಾನಿನ ಪ್ರಮಾಣವನ್ನು ಇಳಿಸುತ್ತ ಬಂದೆ, ಪಕ್ಕದ ತಟ್ಟೆ ಹೆಚ್ಚುಕಡಿಮೆ ಅಲುಗಾಡದೆ ನಿಲ್ಲುವವರೆಗೆ. ಜಿ418 ಹಾಕುವ ಮೊದಲು ಇಂಟರ್‌ಫೆರಾನನ್ನು ಪೂರ್ತಿ ತೊಳೆದು ತೆಗೆಯುವುದನ್ನು ರೂಢಿ ಮಾಡಿಕೊಂಡೆ. ಪಕ್ಕದ ತಟ್ಟೆಯಲ್ಲಿ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಎಣಿಸಲಾಗದಂತೆ ಆಗುತ್ತಿದ್ದುದರಿಂದ ಅಲ್ಲಿ ಹತ್ತನೇ ಒಂದು ಪಾಲು ಕೋಶಗಳನ್ನಷ್ಟೇ ಬಿತ್ತಿದೆ. ಹಿಮ್ಮುಖ ನಕಲಿನ ಕಿಣ್ವವನ್ನು ಒಂದೇ ಅಮೈನೋ ಆಮ್ಲದ ಬದಲಾವಣೆಯಿಂದ ಕೆಡಿಸಿದ ಲೈನ್-1 ಪ್ಲಾಸ್ಮಿಡ್ ಮೂರನೇ ತಟ್ಟೆಯಲ್ಲಿತ್ತು. ಅಲ್ಲಿ ಚುಕ್ಕಿ ಮೂಡಲೇಬಾರದು. ಮೂಡಿದರೆ ಅಂದಿನ ಪ್ರಯೋಗವೇ ರದ್ದು. ಎಣಿಸುವಾಗ ಯಾವ ತಟ್ಟೆ ಯಾವುದೆಂದು ನನಗೆ ಗೊತ್ತಾಗದಂತೆ ಸಹಪಾಠಿಯೊಬ್ಬಳು ಮುಚ್ಚಳಗಳ ಮೇಲೆ ಬರೀ ಅಂಕಿ ಬರೆಯುತ್ತಿದ್ದಳು. ತಟ್ಟೆಯ ಬೆನ್ನಿಗೆ ಪೆನ್ನಿನಿಂದ ಒಂದೊಂದೇ ಚುಕ್ಕೆ ಇಡುತ್ತ ಎಣಿಸುತ್ತಿದ್ದೆ, ಇಲ್ಲದಿದ್ದರೆ ಒಂದೇ ಚುಕ್ಕಿಯನ್ನು ಎರಡು ಸಲ ಲೆಕ್ಕ ಹಾಕಿಬಿಡುತ್ತೇವೆ.

ಇಷ್ಟಾದ ಮೇಲೂ ವ್ಯತ್ಯಾಸ ಉಳಿಯಿತು. ಮೊದಲ ದಿನದಷ್ಟು ದೊಡ್ಡದಲ್ಲ, ಆದರೆ ಪ್ರತಿ ಸಲವೂ ಅದೇ ದಿಕ್ಕಿಗೆ. ಇಂಟರ್‌ಫೆರಾನಿನ ಸುದ್ದಿಯನ್ನು ಕೋಶದೊಳಕ್ಕೆ ಸಾಗಿಸುವ ಜಾಕ್ ಕಿಣ್ವಗಳನ್ನು ರಕ್ಸೊಲಿಟಿನಿಬ್ ಔಷಧಿಯಿಂದ ಕಟ್ಟಿಹಾಕಿದಾಗ ಚುಕ್ಕಿಗಳು ಮರಳಿ ಬಂದವು. ಆ ತಟ್ಟೆಯನ್ನು ನಾನು ಈಗಲೂ ಎಸೆದಿಲ್ಲ. ಸಂಕೇತ ನಿಂತರೆ ಕಾವಲೂ ನಿಲ್ಲುತ್ತದೆ ಎಂದು ಅದು ಬರಿಗಣ್ಣಿಗೇ ತೋರಿಸುತ್ತದೆ.

ಇಂಟರ್‌ಫೆರಾನ್ ತಾನೇ ಹೋಗಿ ಲೈನ್-1ರ ಕೈ ಹಿಡಿಯುವುದಿಲ್ಲ. ಅದು ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತದೆ, ಕೆಲಸ ಮಾಡುವವು ಅವುಗಳ ಪ್ರೋಟೀನುಗಳು. ಜ್ಯಾಪ್ ಲೈನ್-1ರ ಆರ್‌ಎನ್‌ಎಯನ್ನು ಹಿಡಿಯುತ್ತದೆ, ಆರ್‌ಎನೇಸ್-ಎಲ್ ಆರ್‌ಎನ್‌ಎಯನ್ನು ಕತ್ತರಿಸುತ್ತದೆ, ಅಪೊಬೆಕ್-3ಎ ಹೊಸದಾಗಿ ಹುಟ್ಟುತ್ತಿರುವ ಡಿಎನ್‌ಎಯ ಅಕ್ಷರಗಳನ್ನೇ ತಿದ್ದಿ ಕೆಡಿಸುತ್ತದೆ. ನಾನು ಬೆನ್ನು ಹತ್ತಿದ್ದು ಮೊವ್-10 ಎಂಬ, ಆರ್‌ಎನ್‌ಎಯ ಸಿಕ್ಕು ಬಿಡಿಸುವ ಪ್ರೋಟೀನನ್ನು. ಅದನ್ನು ಕೋಶದಿಂದ ಕಡಿಮೆ ಮಾಡಿದಾಗ ಇಂಟರ್‌ಫೆರಾನ್ ಇಲ್ಲದಿದ್ದರೂ ಚುಕ್ಕಿಗಳು ಹೆಚ್ಚಾದವು. ಇಂಟರ್‌ಫೆರಾನ್ ಕೊಟ್ಟಾಗ ಮಾತ್ರ ಅರ್ಧದಷ್ಟು ತಡೆ ಹಾಗೆಯೇ ಉಳಿದಿತ್ತು. ಒಬ್ಬನೇ ಕಾವಲುಗಾರನ ಹೆಸರು ಹೇಳಿ ಪ್ರಬಂಧ ಮುಗಿಸುವ ಆಸೆಯಿತ್ತು. ತಟ್ಟೆಗಳು ಅದಕ್ಕೆ ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ಸಂಗತಿಯನ್ನು ನಾನು ಮೊದಲೇ ಯೋಚಿಸಬೇಕಿತ್ತು. ಹೀಲಾ ಕೋಶಗಳು 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ತಾಯಿಯ ಗರ್ಭಕೊರಳಿನ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದವು. ಆ ಗಡ್ಡೆಯನ್ನು ಹುಟ್ಟಿಸಿದ ಎಚ್‌ಪಿವಿ-18 ವೈರಸ್ಸಿನ ವಂಶವಾಹಿಗಳು ಈ ಕೋಶಗಳಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಒಂದಾದ ಇ-7ರ ಪ್ರೋಟೀನು ಸ್ಟಿಂಗ್‌ಗೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತದೆಂದು 2015ರಲ್ಲಿ ಪ್ರಕಟವಾಯಿತು. ಇ-6 ಎಂಬ ಇನ್ನೊಂದು, ಹಾನಿಗೊಂಡ ಕೋಶದ ವಿಭಜನೆಯನ್ನು ತಡೆಯುವ ಪಿ-53 ಎಂಬ ಪ್ರೋಟೀನನ್ನು ನಾಶ ಮಾಡುತ್ತದೆ. ಅಂದರೆ ಹೊರಗಿನಿಂದ ಇಂಟರ್‌ಫೆರಾನ್ ಸುರಿದರೆ ಹೀಲಾ ಉತ್ತರ ಕೊಡುತ್ತದೆ, ಆದರೆ ತನ್ನೊಳಗಿನ ಡಿಎನ್‌ಎಯನ್ನು ಕಂಡು ತಾನಾಗಿ ಕೂಗು ಹಾಕುವ ಶಕ್ತಿ ಅದರಲ್ಲಿ ಕುಂದಿದೆ. ಪ್ಲಾಸ್ಮಿಡ್ ಅನ್ನು ಅದು ಅಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬೇಕು. ಕೂಗುವ ನಾಯಿಯ ಬಗ್ಗೆ ತಿಳಿಯಲು ನಾನು ಬಾಯಿ ಕಟ್ಟಿದ ನಾಯಿಯ ಮುಂದೆ ಕೂತಿದ್ದೆ.

ಹಾಗಾಗಿ ಮೂರನೇ ವರ್ಷ ಎಚ್ಚರಿಕೆಯ ಗಂಟೆ ಸರಿಯಿರುವ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಿಗೆ ಹೋದೆ. ಅಲ್ಲಿ ಬೇರೆಯೇ ತೊಡಕು. ಪ್ಲಾಸ್ಮಿಡ್ ಎಂದರೆ ಅದೂ ಡಿಎನ್‌ಎಯೇ ತಾನೇ. ಲೈನ್-1 ಇಲ್ಲದ ಖಾಲಿ ಪ್ಲಾಸ್ಮಿಡ್ ತುಂಬಿದರೂ ಮರುದಿನ ಇಂಟರ್‌ಫೆರಾನ್ ಏರಿರುತ್ತಿತ್ತು. ಪರೀಕ್ಷಿಸುವ ಸಾಧನವೇ ಗಂಟೆ ಬಾರಿಸುತ್ತಿತ್ತು. ಕೊನೆಗೆ ಲೈನ್-1ನ್ನು ಕೋಶದ ವರ್ಣತಂತುವಿನಲ್ಲೇ ನೆಟ್ಟು, ಡಾಕ್ಸಿಸೈಕ್ಲಿನ್ ಎಂಬ ಔಷಧಿ ಕೊಟ್ಟಾಗ ಮಾತ್ರ ಎಚ್ಚರವಾಗುವಂತೆ ಮಾಡಿದೆ. ಜಿ418ರ ಬದಲು, ಜಿಗಿದ ಕೋಶ ಹಸಿರಾಗಿ ಹೊಳೆಯುವ ಗುರುತನ್ನು ಇಟ್ಟೆ. ನೆಟ್ಟ ಮೇಲೆ ಆರು ವಾರ ಕೋಶಗಳನ್ನು ಸುಮ್ಮನೆ ಬೆಳೆಸಿ, ಇಂಟರ್‌ಫೆರಾನ್ ಇಳಿದದ್ದನ್ನು ಅಳೆದು ನೋಡಿ, ಆಮೇಲೆ ಔಷಧಿ ಕೊಟ್ಟೆ. ಈ ಕೋಶಗಳಲ್ಲಿ ಪಿ-53 ಇನ್ನೂ ಕೆಲಸ ಮಾಡುತ್ತಿರುವುದರಿಂದ ಲೈನ್-1 ಎದ್ದ ಕೋಶಗಳು ವಿಭಜನೆಯನ್ನೇ ನಿಲ್ಲಿಸಿಬಿಡುತ್ತವೆ. ಐದನೆಯ ದಿನ ಸೂಕ್ಷ್ಮದರ್ಶಕದಲ್ಲಿ ಇಡೀ ಗುಳಿಯನ್ನು ಜಾಲಾಡಿದಾಗ ನನಗೆ ಸಿಕ್ಕದ್ದು ಏಳು ಹಸಿರು ಕೋಶಗಳು. ಸ್ಟಿಂಗ್ ಅನ್ನು ತಡೆಯುವ ಔಷಧಿ ಹಾಕಿದ ಗುಳಿಯಲ್ಲಿ ಹನ್ನೊಂದು.

ಏಳಕ್ಕೂ ಹನ್ನೊಂದಕ್ಕೂ ನಡುವಿನ ಅಂತರವನ್ನು ನಂಬುವ ಹಂತಕ್ಕೆ ನಾನಿನ್ನೂ ಬಂದಿಲ್ಲ. ಎರಡನೇ ಸಲ ಅಂತರ ಇನ್ನೂ ಕಿರಿದಾಗಿತ್ತು. ಈ ಸಲ ತಟ್ಟೆಗಳನ್ನು ದುಪ್ಪಟ್ಟು ಮಾಡಿದ್ದೇನೆ, ಸ್ಟಿಂಗ್ ವಂಶವಾಹಿಯನ್ನೇ ಕತ್ತರಿಸಿ ತೆಗೆದ ಕೋಶಗಳನ್ನೂ ಜೊತೆಗೆ ಇಟ್ಟಿದ್ದೇನೆ. ಮುಚ್ಚಳಗಳ ಮೇಲೆ ಬರೀ ಅಂಕಿಗಳಿವೆ. ಗುರುವಾರ ಬೆಳಗ್ಗೆ ಎಣಿಸಬೇಕು.