ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡೇ ರಸ್ಟ್ ಕಂಪೈಲರ್‌ಗೆ ಕೈ ಹಾಕೋದು ಹೇಗೆ

ರಸ್ಟ್ ಒಂದು ಪ್ರೋಗ್ರಾಮಿಂಗ್ ಭಾಷೆ, ಅದರಲ್ಲಿ ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವುದು ಅದರ ಕಂಪೈಲರ್. ಕಂಪೈಲರ್ ಅಂದ ಕೂಡಲೇ ಬಹಳ ಜನ ದಪ್ಪ ಪುಸ್ತಕ ತೆಗೆದುಕೊಂಡು ಓದೋಕೆ ಕೂರುತ್ತಾರೆ. ಮೊದಲ ಪ್ಯಾಚ್‌ಗೆ, ಅಂದರೆ ನೀವು ಕಳಿಸುವ ಮೊದಲ ತಿದ್ದುಪಡಿಗೆ, ಅದು ಬೇಡ. ಹೊಸಬರು ನಿಜವಾಗಿ ಸೋಲುವುದು ಬಿಲ್ಡ್‌ನಲ್ಲಿ, ಅಂದರೆ ಕೋಡ್‌ನಿಂದ ಕಂಪೈಲರ್ ಕಟ್ಟಿಕೊಳ್ಳೋದರಲ್ಲಿ. ನಾನೂ ಅಲ್ಲೇ ಸೋತೆ. ಏಪ್ರಿಲ್ ತಿಂಗಳು, ರಾಯಚೂರಿನ ಬಿಸಿಲು, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಎಲ್‌ಎಲ್‌ವಿಎಮ್ (ರಸ್ಟ್ ಕಂಪೈಲರ್‌ಗೆ ಯಂತ್ರದ ಕೋಡ್ ತಯಾರಿಸಿಕೊಡುವ ದೊಡ್ಡ ತಂತ್ರಾಂಶ) ಸಮೇತ ಎಲ್ಲವನ್ನೂ ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕು ಅಂದುಕೊಂಡು ರಾತ್ರಿ ಶುರು ಮಾಡಿ ಮಲಗಿದೆ. ಪಕ್ಕದ ಶಕ್ತಿನಗರದಲ್ಲಿ ಅಷ್ಟೊಂದು ಕರೆಂಟ್ ತಯಾರಾದರೂ ನಡುರಾತ್ರಿ ನಮ್ಮ ಓಣಿಯಲ್ಲಿ ಕರೆಂಟ್ ಹೋಯಿತು, ಬ್ಯಾಟರಿ ಅರ್ಧ ಗಂಟೆಯೂ ತಡೆಯಲಿಲ್ಲ.

ಆ ತಪ್ಪು ನೀವು ಮಾಡಬೇಡಿ. ಡಿಸ್ಕಿನಲ್ಲಿ 30 ಜಿಬಿ ಖಾಲಿ ಮಾಡಿಕೊಳ್ಳಿ. ಗಿಟ್ ಕ್ಲೋನ್ ಮಾಡುವಾಗ, ಅಂದರೆ ಕಂಪೈಲರ್ ಕೋಡನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವಾಗ, ‘ಫಿಲ್ಟರ್’ ಆಯ್ಕೆಗೆ ‘ಬ್ಲಾಬ್ ನನ್’ ಅಂತ ಕೊಟ್ಟರೆ ಹಳೇ ಫೈಲುಗಳೆಲ್ಲ ಇಳಿಯುವುದಿಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನವರಿಗೆ ಇದೇ ದೊಡ್ಡ ಉಳಿತಾಯ. ಆಮೇಲೆ ಅಲ್ಲೇ ಇರುವ ‘ಎಕ್ಸ್’ ಸ್ಕ್ರಿಪ್ಟ್‌ಗೆ ‘ಸೆಟಪ್’ ಅಂತ ಹೇಳಿ, ‘ಕಂಪೈಲರ್’ ಪ್ರೊಫೈಲ್ ಆರಿಸಿ. ಎಲ್‌ಎಲ್‌ವಿಎಮ್ ರೆಡಿಮೇಡ್ ಆಗಿಯೇ ಇಳಿಯುತ್ತದೆ.

ಬಿಲ್ಡ್ ಶುರುವಾದಾಗ ‘ಸ್ಟೇಜ್ 0’, ‘ಸ್ಟೇಜ್ 1’ ಅಂತ ಕಾಣುತ್ತದೆ. ಇದು ಮೊಸರಿನ ಹೆಪ್ಪಿನ ಲೆಕ್ಕ. ರಸ್ಟ್ ಕಂಪೈಲರ್ ಬರೆದಿರುವುದು ರಸ್ಟ್‌ನಲ್ಲೇ, ಹಾಗಾಗಿ ಹೊಸದನ್ನು ಕಟ್ಟೋಕೆ ಮೊದಲೇ ಒಂದು ರೆಡಿ ಕಂಪೈಲರ್ ಬೇಕು, ಅದೇ ಸ್ಟೇಜ್ 0. ಅದರಿಂದ ಕಟ್ಟಿದ್ದು ಸ್ಟೇಜ್ 1. ಹಾಗಾದರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು? ಓಕ್ಯಾಮೆಲ್ ಭಾಷೆಯಲ್ಲಿ ಬರೆದಿದ್ದ ಕಂಪೈಲರ್‌ನಿಂದ. 2011ರಲ್ಲಿ ರಸ್ಟ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡಿತು. ನಿಮ್ಮ ಕೆಲಸಕ್ಕೆ ಸ್ಟೇಜ್ 1 ಸಾಕು. ಕೋಡ್ ಬದಲಿಸಿದಾಗಲೆಲ್ಲ ಪೂರ್ತಿ ಬಿಲ್ಡ್ ಬೇಡ, ‘ಎಕ್ಸ್ ಚೆಕ್’ ಮಾಡಿ ತಪ್ಪು ನೋಡಿಕೊಳ್ಳಿ. ಲ್ಯಾಪ್‌ಟಾಪ್ ಕಾವಲಿ ಥರ ಕಾಯ್ದರೆ ‘ಜೆ 2’ ಕೊಟ್ಟು ಒಟ್ಟಿಗೆ ನಡೆಯುವ ಕೆಲಸ ಕಡಿಮೆ ಮಾಡಿ.

ಇನ್ನು ಯಾವ ಕೆಲಸ ಹಿಡಿಯೋದು? ನನ್ನ ಮಾತು ಕೇಳಿದರೆ ಎರರ್ ಸಂದೇಶವನ್ನೇ ಹಿಡಿಯಿರಿ. ಗಿಟ್‌ಹಬ್‌ನಲ್ಲಿ ‘ಇ-ಈಸಿ’, ‘ಇ-ಮೆಂಟರ್’, ‘ಎ-ಡಯಾಗ್ನೋಸ್ಟಿಕ್ಸ್’ ಲೇಬಲ್ ನೋಡಿ. ಅಂಥ ಲೇಬಲ್ ಇರುವ ಒಂದು ಇಶ್ಯೂ (ಬಾಕಿ ಕೆಲಸ) ಆರಿಸಿ ಅದರ ಕೆಳಗೆ ‘ರಸ್ಟ್‌ಬಾಟ್ ಕ್ಲೇಮ್’ ಅಂತ ಬರೆದರೆ ಅದು ನಿಮ್ಮ ಹೆಸರಿಗೆ ಬರುತ್ತದೆ. ಒಂದೇ ಸಾಕು, ಸುಮ್ನೆ ನಾಲ್ಕೈದು ಹಿಡಿದು ಕೂರಬೇಡಿ, ಬೇರೆಯವರಿಗೂ ಬೇಕಲ್ವಾ.

ಲಕ್ಷಗಟ್ಟಲೆ ಸಾಲಿನ ಕೋಡ್‌ನಲ್ಲಿ ಆ ಸಂದೇಶ ಎಲ್ಲಿಂದ ಬರುತ್ತಿದೆ ಅಂತ ಹುಡುಕೋದೇ ಅರ್ಧ ಕೆಲಸ. ಸಂದೇಶದಲ್ಲಿ ಬದಲಾಗದ ಪದಗಳನ್ನು ಗ್ರೆಪ್ ಮಾಡಿ, ಅಂದರೆ ಕೋಡ್ ತುಂಬಾ ಹುಡುಕಿಸಿ. ವೇರಿಯಬಲ್ ಹೆಸರು ಬಿಟ್ಟುಬಿಡಿ, ಅದು ಓಡುವಾಗ ತುಂಬಿಕೊಳ್ಳುತ್ತದೆ. ಸಿಗಲಿಲ್ಲವೆಂದರೆ ‘ಝೆಡ್ ಟ್ರೀಟ್-ಎರ್-ಆ್ಯಸ್-ಬಗ್’ ಅನ್ನುವ ಆಯ್ಕೆ ಕೊಟ್ಟು ಓಡಿಸಿ. ಮೊದಲ ಎರರ್ ಬಂದ ಜಾಗದಲ್ಲೇ ಕಂಪೈಲರ್ ಬಿದ್ದುಬಿಡುತ್ತದೆ, ಬ್ಯಾಕ್‌ಟ್ರೇಸ್‌ನಲ್ಲಿ (ಕೋಡ್ ಯಾವ ದಾರಿಯಲ್ಲಿ ಅಲ್ಲಿಗೆ ಬಂತು ಅನ್ನುವ ಪಟ್ಟಿಯಲ್ಲಿ) ಊರು, ಕೇರಿ, ಮನೆ ನಂಬರ್ ಎಲ್ಲಾ ಸಿಗುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ಕಳೆದಿದ್ದೆ.

ಟೆಸ್ಟ್ ಇಲ್ಲದೆ ಯಾರೂ ಒಪ್ಪುವುದಿಲ್ಲ. ‘ಟೆಸ್ಟ್ಸ್’ ಫೋಲ್ಡರ್‌ನ ‘ಯುಐ’ ಒಳಗೆ ತಪ್ಪಿರುವ ಒಂದು ಪುಟ್ಟ ಪ್ರೋಗ್ರಾಂ ಹಾಕಿ, ‘ಬ್ಲೆಸ್’ ಆಯ್ಕೆ ಕೊಟ್ಟು ಓಡಿಸಿದರೆ ಬರಬೇಕಾದ ಎರರನ್ನು ಅದು ತಾನೇ ಪಕ್ಕದ ಇನ್ನೊಂದು ಫೈಲ್‌ಗೆ ಬರೆದಿಡುತ್ತದೆ. ಹಾಗಂತ ಕಣ್ಣುಮುಚ್ಚಿ ಬ್ಲೆಸ್ ಮಾಡಬೇಡಿ, ತಪ್ಪು ಔಟ್‌ಪುಟ್‌ಗೂ ಅದು ಆಶೀರ್ವಾದ ಮಾಡಿಬಿಡುತ್ತದೆ. ಆಮೇಲೆ ಕೋಡ್‌ನ ಶೈಲಿ ಪರೀಕ್ಷಿಸುವ ‘ಟೈಡಿ’ ಓಡಿಸಿ ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ. ಅಷ್ಟರಲ್ಲಿ ಮೂಲ ಕೋಡ್ ಮುಂದೆ ಹೋಗಿದ್ದರೆ ಮರ್ಜ್ ಕಮಿಟ್ ಬೇಡ, ರೀಬೇಸ್ ಮಾಡಿ, ಅಂದರೆ ನಿಮ್ಮ ಬದಲಾವಣೆಯನ್ನು ಹೊಸ ಕೋಡ್ ಮೇಲೆ ಕೂರಿಸಿ.

ಇಂಗ್ಲಿಷ್ ಭಯ ಬಿಡಿ. ಏನು ಬದಲಾಯಿತು, ಯಾಕೆ, ಯಾವ ಟೆಸ್ಟ್ ಸೇರಿಸಿದೆ ಅಂತ ಮೂರು ಸಣ್ಣ ವಾಕ್ಯ ಬರೆದರೆ ಆಯಿತು. ರಿವ್ಯೂ ಮಾಡುವವರು ಹತ್ತು ತಿದ್ದುಪಡಿ ಕೇಳಬಹುದು, ಅದು ಬೈಗುಳ ಅಲ್ಲ. ಎರಡು ವಾರವಾದರೂ ಉತ್ತರ ಬರದಿದ್ದರೆ ಒಮ್ಮೆ ಮೆಲ್ಲಗೆ ನೆನಪಿಸಿ.

ಒಪ್ಪಿಗೆ ಸಿಕ್ಕ ಮೇಲೆ ಅದನ್ನು ಮೂಲ ಕೋಡ್‌ಗೆ ಸೇರಿಸೋದು (ಮರ್ಜ್ ಮಾಡೋದು) ಬಾಟ್ ಅನ್ನುವ ಸ್ವಯಂಚಾಲಿತ ಪ್ರೋಗ್ರಾಂ, ಅದೂ ಟೆಸ್ಟ್‌ಗಳೆಲ್ಲ ಪಾಸಾದ ಮೇಲೆಯೇ. ಒಂದೆರಡು ದಿನ ಬಿಟ್ಟು ನೈಟ್ಲಿ (ದಿನವೂ ಬರುವ ರಸ್ಟ್‌ನ ಹೊಸ ಆವೃತ್ತಿ) ಅಪ್‌ಡೇಟ್ ಮಾಡಿ, ಬೇಕಂತಲೇ ಅದೇ ತಪ್ಪು ಕೋಡ್ ಬರೆದು ಓಡಿಸಿ. ನೀವು ಬರೆದ ಸಾಲು ನಿಮಗೇ ಎರರ್ ಕೊಡುತ್ತದೆ.