ಸ್ವೆಟರ್ ತೆಗೆದ ಮೇಲೂ ನೀಟಾಗಿ ಕಾಣಬೇಕು

ಪುಣೆಯ ಚಳಿ ಮೋಸದ ಚಳಿ. ಡಿಸೆಂಬರ್, ಜನವರಿಯಲ್ಲಿ ಎಷ್ಟೋ ದಿನ ಬೆಳಿಗ್ಗೆ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 28, 30 ಆಗಿ ಬೆವರು ಕಿತ್ತುಬರುತ್ತದೆ. ಇಲ್ಲಿಯ ಪಾಷಾಣ್ ಬಡಾವಣೆಯ ಐಸರ್, ಎನ್‌ಸಿಎಲ್‌ನಂಥ ವಿಜ್ಞಾನ ಸಂಸ್ಥೆಗಳಿಗೆ ಪಿಎಚ್‌ಡಿ ಇಂಟರ್‌ವ್ಯೂಗೆ ಊರಿಂದ ಬರುವ ಮಕ್ಕಳು ಇದನ್ನು ಗಮನಿಸುವುದಿಲ್ಲ. ಬೆಳಿಗ್ಗೆಯೇ ಬರಲು ಹೇಳಿರುತ್ತಾರೆ, ಸರದಿ ಬರುವಷ್ಟರಲ್ಲಿ ಊಟದ ಹೊತ್ತು ದಾಟಿರಬಹುದು. ಆಗ ಮೈಮೇಲೆ ಸ್ವೆಟರ್ ಇರುತ್ತದೆಯೇ? ಕೈಯಲ್ಲಿರುತ್ತದೆ. ಹಾಗಾಗಿ ಮೊದಲು ಒಳಗಿನ ಅಂಗಿ ನೋಡಿಕೊಳ್ಳಿ. ಕಾಲರ್‌ಗೆ ಮಾತ್ರ ಇಸ್ತ್ರಿ ಹೊಡೆದು ಮೇಲೆ ಸ್ವೆಟರ್ ಏರಿಸುವ ಜಾಣತನ ಅಲ್ಲಿ ನಡೆಯುವುದಿಲ್ಲ.

ಕ್ಯಾಶುವಲ್ ಆಗಿ ಬನ್ನಿ ಅಂದರೆ ಕೋಟು, ಟೈ ಬೇಡ ಅಂತ ಅಷ್ಟೇ. ಒಗೆದು ಇಸ್ತ್ರಿ ಮಾಡಿದ ಕಾಟನ್ ಶರ್ಟು, ಗಾಢ ಬಣ್ಣದ ಪ್ಯಾಂಟು, ಹುಡುಗಿಯರಿಗೆ ಕುರ್ತಾ ಸಾಕು. ಎದುರು ಕೂತ ಪ್ರೊಫೆಸರು ಚಪ್ಪಲಿಯಲ್ಲೇ ಬಂದಿರಬಹುದು. ಅವರಿಗೆ ನಡೆಯುತ್ತದೆ, ಬಿಡಿ.

ಸ್ವೆಟರ್ ಮುಂದೆ ಗುಂಡಿ ಅಥವಾ ಜಿಪ್ ಇರುವಂಥದ್ದೇ ಆಗಲಿ. ತಲೆಯ ಮೇಲಿಂದ ಎಳೆದು ತೆಗೆಯುವುದಾದರೆ ಬಾಚಿದ ಕೂದಲೆಲ್ಲ ಎದ್ದು ನಿಲ್ಲುತ್ತದೆ. ವಿಜ್ಞಾನದ ಇಂಟರ್‌ವ್ಯೂನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಹೇಳುವುದು ಮಾಮೂಲು. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಜಾರುವ ಶಾಲು ಹಿಡಿದು ಏನು ಬರೆಯುತ್ತೀರಿ? ಶಾಲು ಬೇಡವೇ ಬೇಡ. ದುಪಟ್ಟಾ ಹಾಕುವವರು ಭುಜಕ್ಕೆ ಪಿನ್ ಚುಚ್ಚಿಕೊಳ್ಳಿ. ತೋಳು ಮೊಣಕೈವರೆಗೆ ಸರಾಗವಾಗಿ ಏರಬೇಕು. ಕಪ್ಪು ಸ್ವೆಟರಿನ ಮೇಲೆ ಸುಣ್ಣದ ಪುಡಿ ಎದ್ದು ಕಾಣುತ್ತದೆ, ಬೂದು ಬಣ್ಣ ಒಳ್ಳೆಯದು.

ಟ್ರಂಕಿನಿಂದ ತೆಗೆದ ಸ್ವೆಟರನ್ನು ಹಾಗೇ ಹಾಕಿಕೊಂಡು ಹೋಗಬೇಡಿ. ನುಸಿಗುಳಿಗೆಯ ವಾಸನೆ ಎದುರಿಗಿರುವವರ ಮೂಗಿಗೆ ಮೊದಲು ಬಡಿಯುತ್ತದೆ. ಎರಡು ದಿನ ಮೊದಲೇ ಗಾಳಿಗೆ ಹಾಕಿ. ಸೆಂಟು ಹೊಡೆದರೆ ಎರಡೂ ವಾಸನೆ ಸೇರಿ ಇನ್ನೂ ಕೆಟ್ಟದಾಗುತ್ತದೆ. ತೋಳಿನ ಒಳಬದಿ, ಕಂಕುಳ ಕೆಳಗೆ ಉಣ್ಣೆ ಉಂಡೆಉಂಡೆಯಾಗಿದ್ದರೆ ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹರಡಿ, ರೇಜರನ್ನು ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಒತ್ತಿದರೆ ತೂತು ಬೀಳುತ್ತದೆ. ಒಗೆಯುವುದಿದ್ದರೆ ತಣ್ಣೀರು. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಇಳಿಯುತ್ತದೆ.

ಹುಬ್ಬಳ್ಳಿ, ಬೆಳಗಾವಿಯಿಂದ ರಾತ್ರಿ ಬಸ್ಸಿಗೆ ಬರುವವರು ಇಂಟರ್‌ವ್ಯೂ ಬಟ್ಟೆ ತೊಟ್ಟು ಮಲಗಬೇಡಿ. ಹಳೆ ಪಂಚೆಯಲ್ಲಿ ಸುತ್ತಿ ಬ್ಯಾಗಿನ ಮೇಲ್ಭಾಗದಲ್ಲಿಡಿ. ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ಇಳಿದಾಗ ಕಿವಿಗೆ ಮಫ್ಲರ್, ಮಂಕಿ ಕ್ಯಾಪ್ ಯಾವುದಾದರೂ ಇರಲಿ, ಸಂಸ್ಥೆಯ ಗೇಟಿನ ಹತ್ತಿರ ತೆಗೆದರಾಯಿತು. ಸ್ನಾನಕ್ಕೆ ಬಿಸಿನೀರು ಬಿಟ್ಟಾಗ ಶರ್ಟನ್ನು ಅದೇ ಬಚ್ಚಲಲ್ಲಿ ನೇತುಹಾಕಿ, ಆ ಹಬೆಗೆ ಸಣ್ಣಪುಟ್ಟ ಸುಕ್ಕು ಹೋಗುತ್ತದೆ. ತುಟಿಗೆ ಒಂದಿಷ್ಟು ತುಪ್ಪ ಸವರಿ, ಇಲ್ಲಿಯ ಒಣಗಾಳಿಗೆ ಬಿರಿಯುತ್ತದೆ. ಬೂಟು ಹೊಸದು ಬೇಡ. ಕಾಲುಚೀಲ ಮಾತ್ರ ಎರಡು ಜೊತೆ ಇರಲಿ.

ಮುಂಬೈಯ ಕೊಲಾಬಾದಲ್ಲಿರುವ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಗೆ ಹೋಗುವವರಿಗೆ ಇದ್ಯಾವುದೂ ಬೇಡ. ಪಕ್ಕದಲ್ಲೇ ಸಮುದ್ರ, ಚಳಿಯೇ ಇಲ್ಲ. ಎಸಿ ಕೋಣೆಯಲ್ಲಿ ಕೂರಿಸಿದರೆ ಅಂತ ಒಂದು ತೆಳು ಜಾಕೆಟ್ ಬ್ಯಾಗಿನಲ್ಲಿರಲಿ.